ಮೇಲ್ ಕಮ್ಯಾಂಡ್ ಎರರ್ ಕೊಡಲ್ಲ, ಮೇಲೂ ಹೋಗಲ್ಲ: ಎಲ್ಲಿ ಸಿಕ್ಕಾಕೊಂಡಿದೆ ಅಂತ ಹಿಡಿಯೋದು ಹೇಗೆ

ಲಿನಕ್ಸ್ ಸರ್ವರ್‌ಗೆ ಲಾಗಿನ್ ಆಗಿ ಮೇಲ್ ಕಮ್ಯಾಂಡ್ ಹೊಡೀತೀರ, ಪ್ರಾಂಪ್ಟ್ ಸುಮ್ನೆ ವಾಪಸ್ ಬರತ್ತೆ, ಎರರ್ ಗಿರರ್ ಏನೂ ಇಲ್ಲ, ಆದ್ರೆ ಇನ್‌ಬಾಕ್ಸ್ ನೋಡಿದ್ರೆ ಖಾಲಿ, ಸ್ಪ್ಯಾಮ್ ಫೋಲ್ಡರೂ ಖಾಲಿ. ಇಂಥ ಟೈಮಲ್ಲಿ ಜಾಸ್ತಿ ಜನ ಮಾಡೋದು ಏನಂದ್ರೆ ಎಲ್ಲೋ ಸಿಕ್ಕಿದ ಹತ್ತು ಸಾಲು ಕಾನ್ಫಿಗ್ ತಂದು ಪೋಸ್ಟ್‌ಫಿಕ್ಸ್ ಅನ್ನೋ ಮೇಲ್ ಸಾಗ್ಸೋ ಸಾಫ್ಟ್‌ವೇರ್‌ನ ಮೇನ್.ಸಿಎಫ್ ಫೈಲ್ ಕೊನೇಲಿ ಅಂಟಿಸಿ ರೀಸ್ಟಾರ್ಟ್ ಮಾಡೋದು, ಆಗ್ಲಿಲ್ಲ ಅಂದ್ರೆ ಇನ್ನೊಂದು ಹತ್ತು ಸಾಲು. ಹಿಂಗೆ ಮಾಡಿದ್ರೆ ಮೊದ್ಲಿದ್ದ ತೊಂದ್ರೆ ಹಾಗೇ ಇರತ್ತೆ, ಜೊತೆಗೆ ಹೊಸದು ಸೇರ್ಕೊಳತ್ತೆ. ಕಾನ್ಫಿಗ್ ಮುಟ್ಟೋಕೆ ಮುಂಚೆ ಮೇಲ್ ಯಾರ ಕೈಯಲ್ಲಿ ನಿಂತಿದೆ ಅನ್ನೋದನ್ನ ಪತ್ತೆ ಮಾಡ್ಬೇಕು. ಅದು ಗೊತ್ತಾದ್ಮೇಲೆ ರಿಪೇರಿ ಸಾಮಾನ್ಯವಾಗಿ ಒಂದೆರಡು ಸಾಲಿನದ್ದೇ ಇರತ್ತೆ.

ಒಂದು ವಿಷ್ಯ ಮೊದ್ಲೇ ಹೇಳ್ಬಿಡ್ತೀನಿ, ಕಮ್ಯಾಂಡ್, ಫೈಲ್ ಹೆಸ್ರು ಎಲ್ಲಾ ಇಲ್ಲಿ ಕನ್ನಡ ಅಕ್ಷರದಲ್ಲೇ ಇದೆ, ಟರ್ಮಿನಲ್‌ನಲ್ಲಿ ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣ ಅಕ್ಷರದಲ್ಲಿ ಹಾಕ್ಕೊಳ್ಳಿ, ದೊಡ್ಡಕ್ಷರ ಬೇಕಾದ ಕಡೆ ಹೇಳಿದೀನಿ.

ಮೇಲ್ ಅನ್ನೋ ಪ್ರೋಗ್ರಾಮ್ ಸಾಮಾನ್ಯವಾಗಿ ತಾನೇ ಹೊರಗಡೆಗೆ ಮೇಲ್ ಕಳ್ಸಲ್ಲ, ಗೊತ್ತಿರಲಿ. ನೀವು ಬರ್ದಿದ್ದಕ್ಕೆ ಹೆಡರ್ ಹಾಕಿ /ಯುಎಸ್ಆರ್/ಎಸ್‌ಬಿನ್/ಸೆಂಡ್‌ಮೇಲ್ ಅನ್ನೋ ಇನ್ನೊಂದು ಪ್ರೋಗ್ರಾಮ್ ಕೈಗೆ ಕೊಟ್ಟು ಎದ್ದು ಹೋಗೋದಷ್ಟೇ ಅದರ ಕೆಲ್ಸ. ಸೆಂಡ್‌ಮೇಲ್ ಅಂದ್ರೆ ಬರ್ಕ್ಲಿಯಲ್ಲಿ ಎರಿಕ್ ಆಲ್ಮನ್ ಬರ್ದಿದ್ದ ಹಳೇ ಪ್ರೋಗ್ರಾಮ್ ಹೆಸ್ರು, ಅದನ್ನ ಕರೆಯೋ ಸಾಫ್ಟ್‌ವೇರ್ ಎಷ್ಟೋ ಇದ್ದಿದ್ರಿಂದ ಆಮೇಲೆ ಬಂದೋರೆಲ್ಲ ಅದೇ ಹೆಸ್ರು ಉಳಿಸ್ಕೊಂಡ್ರು, ಹಾಗಾಗಿ ಆ ಜಾಗದಲ್ಲಿ ಈಗ ಪೋಸ್ಟ್‌ಫಿಕ್ಸ್ ಇರಬಹುದು, ಎಕ್ಸಿಮ್ ಇರಬಹುದು, ಎಂಎಸ್‌ಎಂಟಿಪಿ ಇರಬಹುದು. ಅದು ಮೇಲ್‌ನ ಕ್ಯೂಗೆ (ಹೊರಡೋಕೆ ಕಾಯೋ ಸಾಲಿಗೆ) ಹಾಕತ್ತೆ, ಕ್ಯೂ ಇಂದ ಎಸ್‌ಎಂಟಿಪಿ (ಸರ್ವರ್‌ಗಳು ಮೇಲ್ ದಾಟಿಸೋಕೆ ಮಾತಾಡೋ ಭಾಷೆ) ಕ್ಲೈಂಟ್ ಎತ್ಕೊಂಡು ನಮ್ಮ ಪರವಾಗಿ ಮುಂದೆ ದಾಟಿಸೋ ರಿಲೇ ಸರ್ವರ್‌ಗೋ ನೇರವಾಗಿ ಆಚೆ ಕಡೆ ಸರ್ವರ್‌ಗೋ ಕೊಡತ್ತೆ, ಆಚೆ ಕಡೆಯವ್ರು ಫಿಲ್ಟರ್ ಮಾಡಿ ಇನ್‌ಬಾಕ್ಸ್‌ಗೆ ಹಾಕ್ತಾರೆ. ಪ್ರಾಂಪ್ಟ್ ಸದ್ದಿಲ್ದೆ ವಾಪಸ್ ಬಂತು ಅಂದ್ರೆ ಇದರಲ್ಲಿ ಮೊದಲನೇ ಕೈ ಎರಡನೇ ಕೈಗೆ ಕೊಡ್ತು ಅಂತ ಮಾತ್ರ ಅರ್ಥ. ಎಕೋ $? (ಹಿಂದಿನ ಕಮ್ಯಾಂಡ್ ಸರಿಯಾಗಿ ಮುಗೀತಾ ಅಂತ ಹೇಳೋದು) ಹೊಡೆದು ಸೊನ್ನೆ ಬಂತು, ಹಾಗಾಗಿ ಮೇಲ್ ಹೋಗಿದೆ ಅಂತ ವಾದ ಮಾಡೋದು ತಪ್ಪು, ಆ ಸೊನ್ನೆಗೂ ಇನ್‌ಬಾಕ್ಸ್‌ಗೂ ಸಂಬಂಧವೇ ಇಲ್ಲ.

ಸರಿ, ಮೊದಲನೇ ಕೈಯಿಂದ ಶುರು ಮಾಡೋಣ. ರೀಡ್‌ಲಿಂಕ್ -ಎಫ್ $(ವಿಚ್ ಮೇಲ್) ಹೊಡೆದು ನಿಮ್ಮ ಮಶೀನಲ್ಲಿ ಮೇಲ್ ಅಂದ್ರೆ ಯಾವ ಮೇಲ್ ಅಂತ ನೋಡಿ. ಡೆಬಿಯನ್, ಉಬುಂಟುಲಿ ಇದು ಬಿಎಸ್‌ಡಿ-ಮೇಲ್‌ಎಕ್ಸ್ ಆಗಿರಬಹುದು, ಗ್ನೂ ಮೇಲ್‌ಯುಟಿಲ್ಸ್ ಆಗಿರಬಹುದು, ಎಸ್-ನೇಲ್ ಆಗಿರಬಹುದು. ರೆಡ್‌ಹ್ಯಾಟ್ ಕಡೆ 7, 8ರಲ್ಲಿ ಹೈರ್ಲೂಮ್ ಮೇಲ್‌ಎಕ್ಸ್ ಇತ್ತು, 9ರಲ್ಲಿ ಎಸ್-ನೇಲ್ ಬಂತು. ಇದ್ಯಾಕೆ ಮುಖ್ಯ ಅಂದ್ರೆ -ಎ ಅನ್ನೋ ಒಂದೇ ಆಪ್ಷನ್ ಒಂದೊಂದ್ರಲ್ಲಿ ಒಂದೊಂದು ಕೆಲ್ಸ ಮಾಡತ್ತೆ. ಹೈರ್ಲೂಮ್, ಎಸ್-ನೇಲ್‌ನಲ್ಲಿ ಸಣ್ಣ -ಎ ಕೊಟ್ರೆ ಫೈಲ್ ಅಟ್ಯಾಚ್ ಆಗತ್ತೆ, ಬಿಎಸ್‌ಡಿ-ಮೇಲ್‌ಎಕ್ಸ್ ಮತ್ತೆ ಮೇಲ್‌ಯುಟಿಲ್ಸ್‌ನಲ್ಲಿ ಅದೇ ಸಣ್ಣ -ಎ ಹೆಡರ್ ಸೇರಿಸತ್ತೆ, ಮೇಲ್‌ಯುಟಿಲ್ಸ್‌ನಲ್ಲಿ ಅಟ್ಯಾಚ್ ಮಾಡೋಕೆ ದೊಡ್ಡಕ್ಷರದ -ಎ ಬೇಕು. ಅಂದ್ರೆ ಹಳೇ ಸೆಂಟ್‌ಓಎಸ್ ಸರ್ವರಲ್ಲಿ ವರ್ಷಗಟ್ಲೆ ಓಡ್ತಿದ್ದ ಬ್ಯಾಕಪ್ ಸ್ಕ್ರಿಪ್ಟನ್ನ ಉಬುಂಟುಗೆ ಎತ್ತಿಟ್ಟ ದಿನದಿಂದ ರಿಪೋರ್ಟ್ ಫೈಲ್ ಬರ್ತಾ ಇಲ್ಲ ಅಂದ್ರೆ ಆಶ್ಚರ್ಯ ಪಡೋದೇನಿಲ್ಲ, ಫೈಲ್‌ನ ಪಾತ್ ಹೆಡರ್ ಆಗೋಕೆ ಹೋಗಿರತ್ತೆ. ಮಟ್ ಅನ್ನೋ ಇನ್ನೊಂದು ಮೇಲ್ ಪ್ರೋಗ್ರಾಮ್ ಬಳಸೋರಿಗೂ ಇಂಥದ್ದೇ ಒಂದಿದೆ, -ಎ ಆದ್ಮೇಲೆ ಫೈಲ್ ಹೆಸ್ರು, ಆಮೇಲೆ ಎರಡು ಅಡ್ಡಗೆರೆ -- ಹಾಕಿ ಆಮೇಲೇ ವಿಳಾಸ ಕೊಡ್ಬೇಕು, ಆ ಎರಡು ಗೆರೆ ಬಿಟ್ರೆ ವಿಳಾಸವನ್ನೂ ಫೈಲ್ ಅಂದ್ಕೊಂಡು ಅಟ್ಯಾಚ್ ಮಾಡೋಕೆ ಆಗ್ತಿಲ್ಲ ಅಂತ ಗೊಣಗತ್ತೆ.

ಕಮ್ಯಾಂಡ್ ಹ್ಯಾಂಗ್ ಆಗಿದೆ ಅನ್ನೋ ದೂರು ಬಂದ್ರೆ ಎರಡೇ ವಿಷ್ಯ ನೋಡಿ. ಒಂದು, ಬಾಡಿ ಕೊಟ್ಟಿಲ್ಲ, ಹಾಗಾಗಿ ಅದು ನೀವು ಟೈಪ್ ಮಾಡ್ಲಿ ಅಂತ ಕಾಯ್ತಾ ಕೂತಿದೆ, ಹೊಸ ಸಾಲಲ್ಲಿ ಕಂಟ್ರೋಲ್-ಡಿ ಒತ್ತಿದ್ರೆ ಮುಗೀತು, ಸ್ಕ್ರಿಪ್ಟ್ ಒಳಗಾದ್ರೆ /ಡೆವ್/ನಲ್ ಇಂದ ಇನ್‌ಪುಟ್ ಕೊಡಿ. ಇನ್ನೊಂದು, ಹಳೇ ಸೆಂಡ್‌ಮೇಲ್ ಇರೋ ಮಶೀನಲ್ಲಿ ಹೋಸ್ಟ್‌ನೇಮ್ ಪೂರ್ತಿ ಇಲ್ದಿದ್ರೆ ಅದು ಲಾಗ್‌ನಲ್ಲಿ ಅನ್‌ಕ್ವಾಲಿಫೈಡ್ ಹೋಸ್ಟ್‌ನೇಮ್ ಅಂತ ಬರ್ದು ಸ್ವಲ್ಪ ಹೊತ್ತು ನಿದ್ದೆ ಮಾಡಿ ಮತ್ತೆ ಎದ್ದು ನೋಡತ್ತೆ, /ಇಟಿಸಿ/ಹೋಸ್ಟ್ಸ್‌ನಲ್ಲಿ ಪೂರ್ತಿ ಹೆಸ್ರು ಹಾಕಿದ್ರೆ ಸರಿ ಹೋಗತ್ತೆ.

ಎರಡನೇ ಕೈ ಇದ್ಯಾ ಅಂತ ನೋಡೋದು ಸುಲಭ, ಎಲ್‌ಎಸ್ -ಎಲ್ /ಯುಎಸ್ಆರ್/ಎಸ್‌ಬಿನ್/ಸೆಂಡ್‌ಮೇಲ್ ಹೊಡೀರಿ. ಫೈಲೇ ಇಲ್ಲ ಅಂದ್ರೆ ಕಳ್ಸೋ ಸಾಫ್ಟ್‌ವೇರೇ ಹಾಕಿಲ್ಲ ಅಂತ. ಕ್ಲೌಡ್‌ನಲ್ಲಿ ಸಿಗೋ ಚಿಕ್ಕ ಇಮೇಜ್‌ಗಳಲ್ಲಿ ಇದು ತುಂಬಾ ಕಾಮನ್, ಕ್ರಾನ್ ಜಾಬ್‌ಗಳ (ಟೈಮ್‌ಗೆ ಸರಿಯಾಗಿ ತಾನಾಗೇ ಓಡೋ ಕಮ್ಯಾಂಡ್‌ಗಳ) ಔಟ್‌ಪುಟ್ ಎಲ್ಲಾ ಸುಮ್ನೆ ಬಿಸಾಕ್ತಾ ಇರತ್ತೆ, ಲಾಗ್‌ನಲ್ಲಿ "ನೋ ಎಂಟಿಎ ಇನ್‌ಸ್ಟಾಲ್ಡ್, ಡಿಸ್ಕಾರ್ಡಿಂಗ್ ಔಟ್‌ಪುಟ್" ಅನ್ನೋ ಸಾಲು ಮಾತ್ರ ಸಾಕ್ಷಿ, ಎಂಟಿಎ ಅಂದ್ರೆ ಮೇಲ್ ಸಾಗ್ಸೋ ಸಾಫ್ಟ್‌ವೇರ್. ಕೈಯಿಂದ ಕಳ್ಸಿದ್ದು ಹೋಗದಿದ್ರೆ ಕೆಲವು ಮೇಲ್ ಪ್ರೋಗ್ರಾಮ್ ಅದನ್ನ ಹೋಮ್ ಡೈರೆಕ್ಟರಿಲಿ ಡೆಡ್.ಲೆಟರ್ ಅನ್ನೋ ಫೈಲ್‌ಗೆ ಹಾಕಿಡತ್ತೆ, ಅದನ್ನೂ ಒಂದ್ಸಲ ನೋಡಿ, ಎಷ್ಟೋ ತಿಂಗ್ಳಿನ ಅಲರ್ಟ್ ಎಲ್ಲಾ ಅಲ್ಲೇ ಮಲಗಿರತ್ತೆ. ಮೇಲ್‌ಯುಟಿಲ್ಸ್ "ಕ್ಯಾನಾಟ್ ಸೆಂಡ್ ಮೆಸೇಜ್: ಪ್ರೋಸೆಸ್ ಎಕ್ಸಿಟೆಡ್ ವಿತ್ ಎ ನಾನ್-ಝೀರೋ ಸ್ಟೇಟಸ್" ಅಂದ್ರೆ ಅದರ ಅರ್ಥ ಸೆಂಡ್‌ಮೇಲ್ ಬೇಡ ಅಂತು ಅಂತ, ಕಾರಣ ಮೇಲ್ ಲಾಗಲ್ಲಿ ಇರತ್ತೆ. ಐಪಿವಿ6 ಆಫ್ ಮಾಡಿರೋ ಮಶೀನಲ್ಲಿ ಇನೆಟ್_ಇಂಟರ್‌ಫೇಸಸ್ ಲೋಕಲ್‌ಹೋಸ್ಟ್ ಅಂತಿದ್ರೆ ::1 ಸಿಗ್ತಿಲ್ಲ ಅಂತ ಪೋಸ್ಟ್‌ಫಿಕ್ಸ್ ಬಾಗಿಲಲ್ಲೇ ಫೇಟಲ್ ಹೊಡೆಯೋದು ಇಲ್ಲೇ ಕಾಣತ್ತೆ, ಇನೆಟ್_ಪ್ರೋಟೋಕಾಲ್ಸ್‌ನ ಐಪಿವಿ4 ಅಂತ ಮಾಡಿದ್ರೆ ಅಲ್ಲಿಗೆ ಮುಗೀತು.

ಈಗ ಮುಖ್ಯವಾದ ಜಾಗಕ್ಕೆ ಬಂದ್ವಿ, ಕ್ಯೂ ಮತ್ತೆ ಲಾಗ್. ಇಲ್ಲಿಂದ ಮುಂದೆ ಪೋಸ್ಟ್‌ಫಿಕ್ಸ್ ಅಂತ ಇಟ್ಕೊಂಡು ಹೇಳ್ತೀನಿ. ವೀಟ್ಸೆ ವೆನೆಮಾ ಐಬಿಎಂನಲ್ಲಿದ್ದಾಗ ಬರೆದು 1998ರಲ್ಲಿ ಹೊರಗೆ ಬಂದ ಇದು, ಒಂದೊಂದು ಕೆಲ್ಸಕ್ಕೆ ಒಂದೊಂದು ಚಿಕ್ಕ ಪ್ರೋಗ್ರಾಮ್ ಇಟ್ಟಿರೋದ್ರಿಂದ ಲಾಗ್ ಓದಿದ್ರೆ ಯಾವ ಪ್ರೋಗ್ರಾಮ್ ಹತ್ರ ನಿಂತಿದೆ ಅಂತ ಹೆಸ್ರು ಸಮೇತ ಗೊತ್ತಾಗತ್ತೆ, ಅದಕ್ಕೇ ನಂಗೆ ಇದರ ಮೇಲೆ ಸ್ವಲ್ಪ ಪಕ್ಷಪಾತ ಇದೆ.

ಮೇಲ್‌ಕ್ಯೂ ಅಂತ ಹೊಡೀರಿ. "ಮೇಲ್ ಸಿಸ್ಟಮ್ ಈಸ್ ಡೌನ್" ಅನ್ನೋ ವಾರ್ನಿಂಗ್ ಬಂದ್ರೆ ಪೋಸ್ಟ್‌ಫಿಕ್ಸ್ ಸರ್ವಿಸೇ ಓಡ್ತಿಲ್ಲ, ಆದ್ರೂ ಮೇಲ್ ಕಮ್ಯಾಂಡ್ ಎರರ್ ಕೊಟ್ಟಿಲ್ಲ ಯಾಕಂದ್ರೆ ಮೇಲ್‌ಡ್ರಾಪ್ ಡೈರೆಕ್ಟರಿಗೆ ಹಾಕೋಕೆ ಸರ್ವಿಸ್ ಓಡ್ತಿರಬೇಕಂತೇನಿಲ್ಲ, ಸ್ಟಾರ್ಟ್ ಮಾಡಿದ ತಕ್ಷಣ ಕಾಯ್ತಿದ್ದದ್ದೆಲ್ಲ ಹೊರಡತ್ತೆ. ಕ್ಯೂ ಖಾಲಿ ಅಂದ್ರೆ ಮೇಲ್ ಹೋಗಿದೆ ಇಲ್ಲಾ ಬೌನ್ಸ್ ಆಗಿದೆ (ತಲುಪಿಸೋಕೆ ಆಗ್ಲಿಲ್ಲ ಅಂತ ವಾಪಸ್ ಬಂದಿದೆ) ಇಲ್ಲಾ ಇಲ್ಲಿಗೆ ಬಂದೇ ಇಲ್ಲ, ಮೂರ್ರಲ್ಲಿ ಯಾವ್ದು ಅಂತ ಲಾಗ್ ಹೇಳತ್ತೆ. ಕ್ಯೂಲಿ ಏನಾದ್ರೂ ಇದ್ರೆ ಒಂದೊಂದ್ರ ಕೆಳಗೆ ಬ್ರಾಕೆಟ್‌ನಲ್ಲಿ ಕಾರಣ ಇರತ್ತೆ, ಐಡಿ ಮುಂದೆ ನಕ್ಷತ್ರ ಇದ್ರೆ ಈಗ ಕಳ್ಸೋ ಪ್ರಯತ್ನದಲ್ಲಿದೆ, ಆಶ್ಚರ್ಯ ಚಿಹ್ನೆ ಇದ್ರೆ ಯಾರೋ ಹೋಲ್ಡ್ ಮಾಡಿದಾರೆ. ಐಡಿ ತಗೊಂಡು ಪೋಸ್ಟ್‌ಕ್ಯಾಟ್ -ಕ್ಯೂ ಐಡಿ ಅಂತ ಹೊಡೆದ್ರೆ ಪೂರ್ತಿ ಮೇಲ್ ಕಾಣತ್ತೆ, ಫ್ರಮ್ ವಿಳಾಸ ಏನು ಹೋಗ್ತಿದೆ ಅಂತ ಅಲ್ಲೇ ನೋಡ್ಕೊಳ್ಳಿ, ಮುಂದೆ ಬೇಕಾಗತ್ತೆ.

ಲಾಗ್ ಎಲ್ಲಿರತ್ತೆ ಅನ್ನೋದೇ ಈಗ ಒಂದು ಗೊಂದಲ. ಉಬುಂಟುಲಿ /ವಾರ್/ಲಾಗ್/ಮೇಲ್.ಲಾಗ್, ರೆಡ್‌ಹ್ಯಾಟ್ ಬಳಗದಲ್ಲಿ /ವಾರ್/ಲಾಗ್/ಮೇಲ್‌ಲಾಗ್. ಆದ್ರೆ ಡೆಬಿಯನ್ 12ರಿಂದ ಲಾಗ್‌ನ ಫೈಲ್‌ಗೆ ಬರೆಯೋ ಆರ್‌ಸಿಸ್‌ಲಾಗ್ ತಾನಾಗೇ ಬರಲ್ಲ, ಹಾಗಾಗಿ ಆ ಫೈಲೇ ಇರಲ್ಲ, ಜರ್ನಲ್‌ಸಿಟಿಎಲ್ -ಟಿ ಪೋಸ್ಟ್‌ಫಿಕ್ಸ್/ಎಸ್‌ಎಂಟಿಪಿ ಅಂತ ನೋಡ್ಬೇಕು. ಫೈಲ್ ಇಲ್ಲ ಅಂದ ಮಾತ್ರಕ್ಕೆ ಲಾಗ್ ಆಗ್ತಿಲ್ಲ ಅಂತಲ್ಲ.

ನೋಡ್ಬೇಕಾದ ಸಾಲಿನ ರೂಪ ಹಿಂಗಿರತ್ತೆ: ಟು=<ವಿಳಾಸ>, ರಿಲೇ=ನನ್, ಡಿಲೇ=30, ಡಿಲೇಸ್=0.05/0.01/30/0, ಡಿಎಸ್‌ಎನ್=4.4.1, ಸ್ಟೇಟಸ್=ಡಿಫರ್ಡ್, ಆಮೇಲೆ ಬ್ರಾಕೆಟ್‌ನಲ್ಲಿ ಕಾರಣ. ಎಲ್ರೂ ಸ್ಟೇಟಸ್ ಮಾತ್ರ ಓದ್ತಾರೆ, ರಿಲೇ ಮತ್ತೆ ಡಿಲೇಸ್ ಓದಲ್ಲ, ನನ್ ಪ್ರಕಾರ ಅಸಲಿ ಮಾಹಿತಿ ಇರೋದು ಅಲ್ಲೇ. ರಿಲೇ ಅಂದ್ರೆ ಮೇಲ್ ಯಾರ ಕೈಗೆ ಹೋಯ್ತು ಅಂತ, ಅಲ್ಲಿ ನನ್ ಅಂತಿದ್ರೆ ಯಾರ ಕೈಗೂ ಹೋಗಿಲ್ಲ. ಡಿಲೇಸ್‌ನ ನಾಲ್ಕು ಸಂಖ್ಯೆಲಿ ಮೊದಲನೇದು ಕ್ಯೂ ಮ್ಯಾನೇಜರ್ ಹತ್ರ ಬರೋಕೆ ಮುಂಚೆ ಕಳೆದ ಸಮಯ, ಎರಡನೇದು ಕ್ಯೂ ಮ್ಯಾನೇಜರ್ ಹತ್ರ ಕಾದಿದ್ದು, ಮೂರನೇದು ಡಿಎನ್‌ಎಸ್ (ಸರ್ವರ್ ಹೆಸ್ರಿಂದ ಐಪಿ ಹುಡುಕೋದು), ಕನೆಕ್ಷನ್, ಟಿಎಲ್‌ಎಸ್ (ಮಾತುಕತೆ ಗುಟ್ಟಾಗಿಡೋ ಎನ್‌ಕ್ರಿಪ್ಷನ್) ಎಲ್ಲಾ ಸೇರಿ ಮಾತು ಶುರು ಮಾಡೋಕೆ ಹಿಡಿದಿದ್ದು, ನಾಲ್ಕನೇದು ಮೇಲ್ ದಾಟಿಸೋಕೆ ಹಿಡಿದಿದ್ದು. ಮೇಲಿನ ಸಾಲಲ್ಲಿ ಮೂರನೇದು 30 ಇದೆ, ಪೋಸ್ಟ್‌ಫಿಕ್ಸ್ ಕನೆಕ್ಟ್ ಆಗೋಕೆ ಕಾಯೋ ಡಿಫಾಲ್ಟ್ ಸಮಯವೂ 30 ಸೆಕೆಂಡೇ, ಅಂದ್ರೆ ಆಚೆ ಕಡೆ ಬಾಗಿಲೇ ತೆಗೆದಿಲ್ಲ. ನಾಲ್ಕನೇದು ದೊಡ್ಡದಿದ್ರೆ ನೆಟ್‌ವರ್ಕ್ ಬೈಬೇಡಿ, ಮೇಲ್ ದೊಡ್ಡದಿದೆ ಇಲ್ಲಾ ಆಚೆಯವ್ರು ನಿಧಾನವಾಗಿ ತಗೋತಿದಾರೆ. ಡಿಎಸ್‌ಎನ್ ಅನ್ನೋ ಸ್ಟೇಟಸ್ ಕೋಡ್ 2ರಿಂದ ಶುರುವಾದ್ರೆ ಒಪ್ಕೊಂಡ್ರು, 4 ಆದ್ರೆ ಆಮೇಲೆ ಬಾ ಅಂದ್ರು, 5 ಆದ್ರೆ ಇನ್ನು ಬರ್ಲೇಬೇಡ ಅಂದ್ರು. 4 ಬಂದಾಗ ಪೋಸ್ಟ್‌ಫಿಕ್ಸ್ 300 ಸೆಕೆಂಡ್ ಬಿಟ್ಟು ಮತ್ತೆ ನೋಡತ್ತೆ, ಆಮೇಲೆ ಅಂತರ ಹೆಚ್ಚಿಸ್ತಾ 4000 ಸೆಕೆಂಡ್‌ವರೆಗೆ ಹೋಗತ್ತೆ, ಹೀಗೆ 5 ದಿನ. ಐದು ದಿನ ಆದ್ಮೇಲೆ ಬೌನ್ಸ್. ತಡ ಆಗ್ತಿದೆ ಅಂತ ಮಧ್ಯದಲ್ಲಿ ಕಳ್ಸಿದೋರಿಗೆ ಹೇಳೋ ಸೌಲಭ್ಯ ಡಿಫಾಲ್ಟ್ ಆಗಿ ಆಫ್, ಅದಕ್ಕೇ ಸೋಮವಾರ ನಿಂತಿದ್ದು ಶನಿವಾರ ಗೊತ್ತಾಗೋದು.

ಈಗ ಬ್ರಾಕೆಟ್ ಒಳಗಿನ ಕಾರಣಗಳು. "ಕನೆಕ್ಷನ್ ಟೈಮ್ಡ್ ಔಟ್" ಇದ್ದು ಪೋರ್ಟ್ 25 ಅಂತಿದ್ರೆ ಹೊರಗೆ ಹೋಗೋ 25ನೇ ಪೋರ್ಟ್ ಬ್ಲಾಕ್ ಆಗಿದೆ, ಜಾಸ್ತಿ ಯೋಚ್ನೆ ಮಾಡೋದೇ ಬೇಡ. ಅಮೆಝಾನ್ ಇಸಿ2, ಗೂಗಲ್ ಕ್ಲೌಡ್, ಡಿಜಿಟಲ್ ಓಷನ್ ಎಲ್ಲಾ ಕಡೆ ಸ್ಪ್ಯಾಮ್ ತಡೆಯೋಕೆ ಡಿಫಾಲ್ಟ್ ಆಗಿ ಇದನ್ನ ಕಟ್ಟಿಹಾಕಿರ್ತಾರೆ, ಮನೆ ಬ್ರಾಡ್‌ಬ್ಯಾಂಡಲ್ಲಿ ಪೋರ್ಟ್ ತೆರೆದಿದ್ರೂ ಆ ಐಪಿ ಸ್ಪ್ಯಾಮ್‌ಹೌಸ್‌ನ ಪಿಬಿಎಲ್ (ನೇರವಾಗಿ ಮೇಲ್ ಕಳ್ಸಬಾರದ ಐಪಿಗಳ) ಪಟ್ಟೀಲಿ ಇದ್ದು ಆಚೆಯವ್ರು ತಗೊಳಲ್ಲ. ಎನ್‌ಸಿ -ವಿಝಡ್ ಸರ್ವರ್ 25 ಹೊಡೆದು ಒಂದ್ಸಲ, 587 ಹೊಡೆದು ಒಂದ್ಸಲ ನೋಡಿ, 25 ನೇತಾಡಿ 587 ತಕ್ಷಣ ಕನೆಕ್ಟ್ ಆದ್ರೆ ತೀರ್ಮಾನ ಆಯ್ತು, ರಿಲೇ ಇಟ್ಕೊಂಡು 587ರಲ್ಲಿ ಲಾಗಿನ್ ಆಗಿ ಕಳ್ಸಬೇಕು. ಫೈರ್‌ವಾಲ್ ರೂಲ್ ಜೊತೆ ಗುದ್ದಾಡಿ ಪ್ರಯೋಜನ ಇಲ್ಲ, ಬ್ಲಾಕ್ ನಿಮ್ಮ ಮಶೀನಲ್ಲಿ ಇಲ್ಲ.

"ಹೋಸ್ಟ್ ಆರ್ ಡೊಮೈನ್ ನೇಮ್ ನಾಟ್ ಫೌಂಡ್" ಬರ್ತಿದೆ, ಆದ್ರೆ ಡಿಗ್ ಹೊಡೆದ್ರೆ ಸರಿಯಾಗಿ ಉತ್ರ ಸಿಗ್ತಿದೆ, ತಲೆ ಕೆರ್ಕೋತಿದೀರ. ಡೆಬಿಯನ್ ಬಳಗದ ಎಷ್ಟೋ ಮಶೀನಲ್ಲಿ ಪೋಸ್ಟ್‌ಫಿಕ್ಸ್‌ನ ಎಸ್‌ಎಂಟಿಪಿ ಕ್ಲೈಂಟ್ ಕ್ರೂಟ್ (ಒಂದು ಡೈರೆಕ್ಟರಿ ಬಿಟ್ಟು ಆಚೆ ಏನೂ ಕಾಣದ ಹಾಗೆ ಕೂಡಿಹಾಕೋದು) ಒಳಗೆ ಓಡತ್ತೆ, ಅದಕ್ಕೆ ಕಾಣೋ ರಿಸಾಲ್ವ್.ಕಾನ್ಫ್ ಅಂದ್ರೆ /ವಾರ್/ಸ್ಪೂಲ್/ಪೋಸ್ಟ್‌ಫಿಕ್ಸ್/ಇಟಿಸಿ ಒಳಗಿರೋ ಕಾಪಿ, ಅಸಲಿ ಫೈಲ್ ಅಲ್ಲ. ಡಿಎನ್‌ಎಸ್ ಸರ್ವರ್ ಬದಲಾಗಿ ಆ ಕಾಪಿ ಹಳೇದೇ ಉಳ್ಕೊಂಡಿದ್ರೆ ಇಡೀ ಮಶೀನ್‌ಗೆ ಇಂಟರ್ನೆಟ್ ಕಾಣತ್ತೆ, ಪೋಸ್ಟ್‌ಫಿಕ್ಸ್‌ಗೆ ಮಾತ್ರ ಕಾಣಲ್ಲ. ಎರಡು ಫೈಲ್‌ಗೂ ಡಿಫ್ ಹಾಕಿ ನೋಡಿ, ಬೇರೆ ಇದ್ರೆ ಪೋಸ್ಟ್‌ಫಿಕ್ಸ್ ರೀಸ್ಟಾರ್ಟ್ ಮಾಡಿದ್ರೆ ಹೊಸ ಕಾಪಿ ಬಂದು ಕೂತ್ಕೊಳತ್ತೆ.

ರಿಲೇ ಇಟ್ಕೊಂಡಿರೋರ ಕಥೆ ಬೇರೆ, ಅವ್ರು ಬೀಳೋದು ಲಾಗಿನ್‌ನಲ್ಲಿ. ರಿಲೇಹೋಸ್ಟ್ ಸಾಲಲ್ಲಿ ಸರ್ವರ್ ಹೆಸ್ರನ್ನ ಚೌಕ ಬ್ರಾಕೆಟ್ ಒಳಗೆ ಹಾಕಿ ಆಮೇಲೆ :587 ಅಂತ ಬರೀತೀವಲ್ಲ, ಆ ಬ್ರಾಕೆಟ್ ಅಂದ್ರೆ ಎಂಎಕ್ಸ್ (ಡೊಮೈನ್‌ನ ಮೇಲ್ ತಗೊಳೋ ಸರ್ವರ್ ಯಾವ್ದು ಅನ್ನೋ ಡಿಎನ್‌ಎಸ್ ದಾಖಲೆ) ಹುಡುಕ್ಬೇಡ, ಇದೇ ಸರ್ವರ್‌ಗೆ ಹೋಗು ಅಂತ. ಪಾಸ್‌ವರ್ಡ್ ಇರೋ ಸ್ಯಾಸಲ್_ಪಾಸ್‌ಡಬ್ಲ್ಯೂಡಿ ಫೈಲಲ್ಲೂ ಎಡಗಡೆ ಅದೇ ಬ್ರಾಕೆಟ್, ಅದೇ ಪೋರ್ಟ್, ಅಕ್ಷರಕ್ಕೆ ಅಕ್ಷರ ಹಾಗೇ ಇರ್ಬೇಕು. ಒಂದ್ಕಡೆ ಬ್ರಾಕೆಟ್ ಇದ್ದು ಇನ್ನೊಂದ್ಕಡೆ ಇಲ್ಲ ಅಂದ್ರೆ ಪೋಸ್ಟ್‌ಫಿಕ್ಸ್‌ಗೆ ಪಾಸ್‌ವರ್ಡ್ ಸಿಗಲ್ಲ, ಸಿಗ್ಲಿಲ್ಲ ಅಂತ ಕೂಗೋದೂ ಇಲ್ಲ, ಲಾಗಿನ್ ಇಲ್ದೇ ಹೋಗಿ ನಿಂತ್ಕೊಳತ್ತೆ, ಆಚೆಯವ್ರು "ಅಥೆಂಟಿಕೇಶನ್ ರಿಕ್ವೈರ್ಡ್" ಇಲ್ಲಾ "ರಿಲೇ ಆಕ್ಸೆಸ್ ಡಿನೈಡ್" ಅಂತ ಕತ್ತು ಹಿಡಿದು ಹೊರಗೆ ಹಾಕ್ತಾರೆ. ಆ ಫೈಲ್ ತಿದ್ದಿದ ಮೇಲೆ ಪೋಸ್ಟ್‌ಮ್ಯಾಪ್ (ಅದನ್ನ ಪೋಸ್ಟ್‌ಫಿಕ್ಸ್ ಓದೋ ರೂಪಕ್ಕೆ ತಿರುಗ್ಸೋ ಕಮ್ಯಾಂಡ್) ಓಡಿಸದಿದ್ರೆ ಹಳೇ ಪಾಸ್‌ವರ್ಡೇ ಹೋಗ್ತಾ ಇರತ್ತೆ, ಅದೂ ಇಲ್ಲೇ ಸೇರಿಸ್ಕೊಳ್ಳಿ. "ನೋ ಮೆಕ್ಯಾನಿಸಮ್ ಅವೈಲಬಲ್" ಅಂದ್ರೆ ಪಾಸ್‌ವರ್ಡ್ ತಪ್ಪಲ್ಲ, ಪ್ಯಾಕೇಜ್ ಕಮ್ಮಿ ಇದೆ, ಡೆಬಿಯನ್‌ನಲ್ಲಿ ಲಿಬ್‌ಸ್ಯಾಸಲ್2-ಮಾಡ್ಯೂಲ್ಸ್, ರೆಡ್‌ಹ್ಯಾಟ್‌ನಲ್ಲಿ ಸೈರಸ್-ಸ್ಯಾಸಲ್-ಪ್ಲೇನ್ ಹಾಕಿ. "ಮಸ್ಟ್ ಇಶ್ಯೂ ಎ ಸ್ಟಾರ್ಟ್‌ಟಿಎಲ್‌ಎಸ್" ಅಂದ್ರೆ ಟಿಎಲ್‌ಎಸ್ ಆನ್ ಮಾಡಿಲ್ಲ. 465 ಬಳಸ್ತಿದ್ರೆ ಅಲ್ಲಿ ಮೊದಲ ಬೈಟ್‌ನಿಂದಲೇ ಟಿಎಲ್‌ಎಸ್, ಹಾಗಾಗಿ ಎಸ್‌ಎಂಟಿಪಿ_ಟಿಎಲ್‌ಎಸ್_ರ‍್ಯಾಪರ್‌ಮೋಡ್ ಬೇಕು, ಅದಿಲ್ದೆ 465 ಕೊಟ್ರೆ ಎರಡೂ ಕಡೆಯವ್ರು ನೀವು ಮೊದ್ಲು ಮಾತಾಡಿ ಅಂತ ಕಾಯ್ತಾ ಟೈಮ್ ಔಟ್ ಆಗ್ತಾರೆ.

535 ಬಂದ್ರೆ ಯೂಸರ್‌ನೇಮ್ ಪಾಸ್‌ವರ್ಡ್ ಒಪ್ಪಿಲ್ಲ. ಜಿಮೇಲ್ ಅಕೌಂಟನ್ನ ರಿಲೇ ಮಾಡ್ಕೊಂಡಿರೋರಿಗೆ ಮಾಮೂಲಿ ಪಾಸ್‌ವರ್ಡ್ 2022ರ ಮೇ ಕೊನೆಯಿಂದ ನಡೆಯಲ್ಲ, ಟೂ ಸ್ಟೆಪ್ ವೆರಿಫಿಕೇಶನ್ ಆನ್ ಮಾಡಿ 16 ಅಕ್ಷರದ ಆ್ಯಪ್ ಪಾಸ್‌ವರ್ಡ್ ತಗೋಬೇಕು. ಕೈಯಾರೆ ಟೆಸ್ಟ್ ಮಾಡೋಕೆ ಓಪನ್‌ಎಸ್‌ಎಸ್‌ಎಲ್ ಎಸ್_ಕ್ಲೈಂಟ್ -ಸ್ಟಾರ್ಟ್‌ಟಿಎಲ್‌ಎಸ್ ಎಸ್‌ಎಂಟಿಪಿ -ಕನೆಕ್ಟ್ ಸರ್ವರ್:587 ಒಳ್ಳೇದು, ಆದ್ರೆ ಅಲ್ಲೊಂದು ಹಳ್ಳ ಇದೆ, ಆರ್‌ಸಿಪಿಟಿ ಟು ಸಾಲನ್ನ ದೊಡ್ಡಕ್ಷರದಲ್ಲಿ ಟೈಪ್ ಮಾಡಿದ್ರೆ ಸಾಲಿನ ಮೊದಲನೇ ಆರ್ ನೋಡಿ ಓಪನ್‌ಎಸ್‌ಎಸ್‌ಎಲ್ ಅದನ್ನ ರೀನೆಗೋಶಿಯೇಟ್ ಮಾಡು ಅನ್ನೋ ತನ್ನ ಆರ್ಡರ್ ಅಂದ್ಕೊಳತ್ತೆ, ಸರ್ವರ್‌ಗೆ ನಿಮ್ಮ ಸಾಲು ಹೋಗೋದೇ ಇಲ್ಲ. ಸಣ್ಣಕ್ಷರದಲ್ಲಿ ಬರೀರಿ ಇಲ್ಲಾ -ಕ್ವಯಟ್ ಹಾಕಿ. ಇದೆಲ್ಲ ತಲೆನೋವು ಬೇಡ ಅಂದ್ರೆ ಸ್ವಾಕ್ಸ್ ಅನ್ನೋ ಟೂಲ್ ಇನ್‌ಸ್ಟಾಲ್ ಮಾಡ್ಕೊಳ್ಳಿ, ಸರ್ವರ್ ಜೊತೆಗಿನ ಮಾತುಕತೆ ಪೂರ್ತಿ ಸ್ಕ್ರೀನ್ ಮೇಲೆ ಬರತ್ತೆ.

ನಂಗೆ ಎಲ್ಲಕ್ಕಿಂತ ಕಿರಿಕಿರಿ ಅನ್ಸೋದು ರಿಲೇ=ಲೋಕಲ್ ಅನ್ನೋದು. ಕಂಪನಿ ಮೇಲ್ ಎಲ್ಲಾ ಹೊರಗಿನ ಯಾವ್ದೋ ಸರ್ವಿಸಲ್ಲಿದೆ, ವೆಬ್ ಸರ್ವರ್‌ಗೆ ಯಾರೋ ಹೋಸ್ಟ್‌ನೇಮ್ ಕೊಡುವಾಗ ಕಂಪನಿ ಡೊಮೈನನ್ನೇ ಕೊಟ್ಟಿದಾರೆ. ಈಗ ಪೋಸ್ಟ್‌ಫಿಕ್ಸ್‌ನ ಮೈಡೆಸ್ಟಿನೇಶನ್‌ನಲ್ಲಿ ಆ ಡೊಮೈನ್ ಬಂದು ಕೂತಿರತ್ತೆ, ಅಂದ್ರೆ ಈ ಡೊಮೈನ್‌ಗೆ ಬರೋ ಮೇಲ್‌ಗೆಲ್ಲ ಕೊನೆ ನಿಲ್ದಾಣ ನಾನೇ ಅಂತ ಅದು ನಂಬಿದೆ. ಜಿಮೇಲ್‌ಗೆ ಕಳ್ಸಿದ್ರೆ ಹೋಗತ್ತೆ, ಯಾಹೂಗೆ ಹೋಗತ್ತೆ, ನಿಮ್ಮದೇ ಆಫೀಸಿನ ಸಹೋದ್ಯೋಗಿಗೆ ಮಾತ್ರ ಹೋಗಲ್ಲ. ಅದು ಎಂಎಕ್ಸ್ ಕೇಳೋಕೂ ಹೋಗದೆ ಈ ಮಶೀನಲ್ಲಿ ರವಿ ಅಂತ ಯೂಸರ್ ಇಲ್ಲ, ಅನ್‌ನೋನ್ ಯೂಸರ್ ಅಂತ ಬೌನ್ಸ್ ಮಾಡತ್ತೆ. ಇನ್ನೂ ಕೆಟ್ಟದ್ದು ಅಂದ್ರೆ ರವಿ ಅಂತ ಲಿನಕ್ಸ್ ಯೂಸರ್ ಇದ್ದು ಬಿಟ್ರೆ, ಆಗ ಸ್ಟೇಟಸ್=ಸೆಂಟ್, ಡೆಲಿವರ್ಡ್ ಟು ಮೇಲ್‌ಬಾಕ್ಸ್ ಅಂತ ಬರತ್ತೆ, ಎಲ್ಲಾ ಸರಿ ಇದೆ ಅನ್ಸತ್ತೆ, ಮೇಲ್ ಮಾತ್ರ /ವಾರ್/ಮೇಲ್/ರವಿ ಅನ್ನೋ ಫೈಲಲ್ಲಿ ಬೆಳೀತಾ ಇರತ್ತೆ. ಪೋಸ್ಟ್‌ಕಾನ್ಫ್ ಮೈಡೆಸ್ಟಿನೇಶನ್ ಹೊಡೆದು ನೋಡಿ, ಆ ಡೊಮೈನ್ ತೆಗೀರಿ, ಲೋಕಲ್‌ಹೋಸ್ಟ್ ಮತ್ತೆ ಮಶೀನಿನ ಸ್ವಂತ ಹೆಸ್ರು ಮಾತ್ರ ಉಳಿಸಿ, ರೀಲೋಡ್ ಮಾಡಿ.

ಸೈಝ್ ವಿಷ್ಯ ಬೇಗ ಹೇಳ್ತೀನಿ, ಪೋಸ್ಟ್‌ಫಿಕ್ಸ್‌ನ ಡಿಫಾಲ್ಟ್ ಮಿತಿ 10240000 ಬೈಟ್, ಅಟ್ಯಾಚ್‌ಮೆಂಟ್ ಬೇಸ್64 (ಫೈಲನ್ನ ಮಾಮೂಲಿ ಅಕ್ಷರ, ಅಂಕಿಗಳಾಗಿ ಬರೆಯೋ ವಿಧಾನ) ಆದಾಗ ಮೂರರಲ್ಲೊಂದು ಭಾಗದಷ್ಟು ಊದ್ಕೊಳ್ಳೋದ್ರಿಂದ 8 ಎಂಬಿ ಫೈಲೇ ಮಿತಿ ದಾಟತ್ತೆ, "ಮೆಸೇಜ್ ಫೈಲ್ ಟೂ ಬಿಗ್" ಅನ್ನತ್ತೆ. ಡಿಸ್ಕ್ ಫುಲ್ ಆದ್ರೂ ಮೇಲ್ ತಗೊಳಲ್ಲ, ಡಿಎಫ್ -ಎಚ್ ನೋಡ್ಕೊಳ್ಳಿ.

ಲಾಗಲ್ಲಿ ಆಚೆ ಸರ್ವರ್ ಹೆಸ್ರು ಇದೆ, ಸ್ಟೇಟಸ್=ಸೆಂಟ್ ಇದೆ, 250 ಇದೆ, ಆದ್ರೂ ಬಂದಿಲ್ಲ ಅಂದ್ರೆ ನಿಮ್ಮ ಸರ್ವರಲ್ಲಿ ಇನ್ನೇನೂ ಹುಡುಕ್ಬೇಡಿ, ಇಲ್ಲಿಂದಾಚೆ ಫಿಲ್ಟರ್ ಆಟ. ಆಚೆಯವ್ರಿಗೆ ಕೊಡೋಕೆ ಆ ಸಾಲಿನಲ್ಲಿರೋ ಅವರ ಕಡೆಯ ಐಡಿ ಇಟ್ಕೊಳ್ಳಿ. ಸಾಮಾನ್ಯವಾಗಿ ಕಾರಣ ಫ್ರಮ್ ವಿಳಾಸ, ರೂಟ್@ವೆಬ್1.ಲೋಕಲ್‌ಡೊಮೈನ್ ಅಂತ ಇಲ್ಲದೇ ಇರೋ ಡೊಮೈನಿಂದ ಕಳ್ಸಿದ್ರೆ ಯಾರು ತಗೋತಾರೆ, ಎಷ್ಟೋ ಸರ್ವರ್ 450 ಕೊಟ್ಟು ಡೊಮೈನ್ ನಾಟ್ ಫೌಂಡ್ ಅಂತ ಬಾಗಿಲಲ್ಲೇ ನಿಲ್ಸತ್ತೆ. ಎಸ್‌ಎಂಟಿಪಿ_ಜೆನೆರಿಕ್_ಮ್ಯಾಪ್ಸ್ ಹಾಕಿ ಅಸಲಿ ವಿಳಾಸಕ್ಕೆ ಬದಲಾಯಿಸಿ. ಜಿಮೇಲ್ 2024ರ ಫೆಬ್ರವರಿಯಿಂದ ಎಸ್‌ಪಿಎಫ್ (ಯಾವ ಐಪಿಗಳು ಕಳ್ಸಬಹುದು ಅನ್ನೋ ಪಟ್ಟಿ) ಇಲ್ಲಾ ಡಿಕಿಮ್ (ಮೇಲ್‌ಗೆ ಹಾಕೋ ಡಿಜಿಟಲ್ ಸಹಿ) ಎರಡರಲ್ಲಿ ಒಂದಾದ್ರೂ ಎಲ್ಲಾ ಕಳಿಸೋರಿಗೂ ಬೇಕು ಅಂತಿದೆ, ದಿನಕ್ಕೆ 5000ಕ್ಕಿಂತ ಜಾಸ್ತಿ ಕಳ್ಸೋರಿಗೆ ಎರಡೂ ಬೇಕು, ಮೇಲೆ ಡಿಮಾರ್ಕ್ (ಇವು ಫೇಲ್ ಆದ್ರೆ ಏನು ಮಾಡ್ಬೇಕು ಅನ್ನೋ ನಿಯಮ) ಬೇಕು. ಐಪಿವಿ6ನಲ್ಲಿ ಹೋಗಿ ರಿವರ್ಸ್ ಡಿಎನ್‌ಎಸ್ (ಐಪಿಯಿಂದ ಹೆಸ್ರು ಹುಡುಕೋ ದಾಖಲೆ) ಇಲ್ದಿದ್ರೆ 550 ಗ್ಯಾರಂಟಿ, ಎಷ್ಟೋ ಸಲ ಐಪಿವಿ4 ಮಾತ್ರ ಬಳಸು ಅಂತ ಹೇಳಿದ್ರೆ ಅಲ್ಲೇ ಸರಿ ಹೋಗತ್ತೆ.

ಈಗ ನಮಗೆ ಅಂತಲೇ ಇರೋ ಒಂದು ತೊಂದ್ರೆ, ಕನ್ನಡದಲ್ಲಿ ಬರ್ದ ಮೇಲ್. ಟರ್ಮಿನಲ್‌ನಿಂದ ಕೈಯಲ್ಲಿ ಕಳ್ಸಿದ್ರೆ ಸರಿಯಾಗಿ ಬರತ್ತೆ, ಅದೇ ಸ್ಕ್ರಿಪ್ಟ್ ಕ್ರಾನ್‌ನಿಂದ ಓಡಿದ್ರೆ ಮೇಲ್ ಒಳಗೆ ಏನೂ ಇಲ್ದೆ ಎಟಿಟಿ00001.ಬಿನ್ ಅನ್ನೋ ಅಟ್ಯಾಚ್‌ಮೆಂಟ್ ಬರತ್ತೆ. ಕ್ರಾನ್ ನಿಮ್ಮ ಲಾಗಿನ್ ಪ್ರೊಫೈಲ್ ಓದಲ್ಲ, ಲೋಕೇಲ್ (ಭಾಷೆ, ಅಕ್ಷರದ ಸೆಟ್ಟಿಂಗ್) ಬರೀ ಸಿ ಅಂತಿರತ್ತೆ, ಸಿ ಲೋಕೇಲಲ್ಲಿ ಕನ್ನಡದ ಬೈಟ್‌ಗಳೆಲ್ಲ ಅಕ್ಷರವೇ ಅಲ್ಲ, ಹಾಗಾಗಿ ಹೈರ್ಲೂಮ್ ಮೇಲ್‌ಎಕ್ಸ್ ಇದು ಯಾವ್ದೋ ಬೈನರಿ ಫೈಲ್ ಅಂತ ತೀರ್ಮಾನ ಮಾಡಿ ಹಾಗೇ ಕಳ್ಸತ್ತೆ. ಸ್ಕ್ರಿಪ್ಟ್ ಮೇಲ್ಗಡೆ ಎಲ್‌ಸಿ_ಆಲ್‌ನ ಸಿ.ಯುಟಿಎಫ್-8 ಇಲ್ಲಾ ಮಶೀನಲ್ಲಿ ಕನ್ನಡ ಲೋಕೇಲ್ ಇದ್ರೆ ಕೆಎನ್_ಐಎನ್.ಯುಟಿಎಫ್-8 ಅಂತ ಎಕ್ಸ್‌ಪೋರ್ಟ್ ಮಾಡಿ, ಇದರಲ್ಲಿ ಕೆಎನ್ ಮಾತ್ರ ಸಣ್ಣಕ್ಷರ, ಎಲ್‌ಸಿ_ಆಲ್, ಸಿ, ಐಎನ್, ಯುಟಿಎಫ್ ಎಲ್ಲಾ ದೊಡ್ಡಕ್ಷರ. ವಿಂಡೋಸ್‌ನಲ್ಲಿ ಬರ್ದ ಫೈಲ್ ಆದ್ರೆ ಸಾಲಿನ ಕೊನೇಲಿ ಕ್ಯಾರೇಜ್ ರಿಟರ್ನ್ ಉಳ್ದಿದ್ರೂ ಇದೇ ಲಕ್ಷಣ, ಡಾಸ್2ಯೂನಿಕ್ಸ್ ಓಡಿಸಿ.

ಸಬ್ಜೆಕ್ಟ್ ಸಾಲಿಂದು ಇನ್ನೊಂದು ರಾಮಾಯಣ. ಹೆಡರ್‌ನಲ್ಲಿ ಕನ್ನಡ ಹಾಗೇ ಹಾಕೋ ಹಂಗಿಲ್ಲ, ಎನ್‌ಕೋಡ್ ಮಾಡಿದ ತುಂಡು ಮಾಡಿ ಹಾಕ್ಬೇಕು, ಒಂದು ತುಂಡು 75 ಕ್ಯಾರೆಕ್ಟರ್ ಮೀರ್ಬಾರ್ದು, ಅದರಲ್ಲಿ ಮುಂದೆ ಹಿಂದೆ ಗುರುತುಗಳಿಗೇ 12 ಹೋಗತ್ತೆ. ಯುಟಿಎಫ್-8ನಲ್ಲಿ ಕನ್ನಡದ ಒಂದೊಂದು ಕೋಡ್ ಪಾಯಿಂಟ್‌ಗೂ 3 ಬೈಟ್, ಬೇಸ್64 ಮಾಡಿದ್ರೆ 4 ಕ್ಯಾರೆಕ್ಟರ್, ಅಲ್ಲಿಗೆ ಒಂದು ತುಂಡಲ್ಲಿ ಹಿಡಿಯೋದು 15 ಕೋಡ್ ಪಾಯಿಂಟ್ ಮಾತ್ರ, ಅದೂ ಕಾಗುಣಿತದ ಗುರುತು, ಒತ್ತಕ್ಷರದ ಹಲಂತ ಎಲ್ಲಾ ಬೇರೆ ಬೇರೆ ಎಣಿಕೆ. ಶೆಲ್‌ನಲ್ಲಿ ತಾವೇ ಬೇಸ್64 ಮಾಡಿ ಅಂಟಿಸೋ ಸ್ಕ್ರಿಪ್ಟ್‌ಗಳು ಚಿಕ್ಕ ಸಬ್ಜೆಕ್ಟ್ ಇದ್ದಾಗ ಓಡಿ ಉದ್ದ ಆದಾಗ ಕೆಡೋದು ಇದಕ್ಕೇ, ಬೈಟ್ ಮಧ್ಯದಲ್ಲಿ ಕತ್ತರಿಸಿದ್ರೆ ಪ್ರಶ್ನಾರ್ಥಕ ಚಿಹ್ನೆ ತುಂಬಿದ ಚೌಕಗಳು ಬರತ್ತೆ. ಈ ಕೆಲ್ಸ ನೀವು ಮಾಡ್ಲೇಬೇಡಿ, ಲೋಕೇಲ್ ಸರಿ ಮಾಡಿ ಮಟ್‌ಗೆ ಬಿಡಿ, ಅದು ಸರಿಯಾಗಿ ತುಂಡು ಮಾಡತ್ತೆ.

ಕ್ರಾನ್ ವಿಷ್ಯ ಬಂದಿದ್ದಕ್ಕೆ ಇನ್ನೊಂದು. ಕ್ರಾನ್‌ಟ್ಯಾಬ್ ಸಾಲಲ್ಲೇ ಸಬ್ಜೆಕ್ಟ್‌ಗೆ ತಾರೀಕು ಸೇರ್ಸೋಕೆ ಡೇಟ್ +%ಎಫ್ (ಎಫ್ ದೊಡ್ಡಕ್ಷರ) ಅಂತ ಬರ್ದಿದ್ರೆ ಆ ಪರ್ಸೆಂಟ್ ಚಿಹ್ನೆಯನ್ನ ಕ್ರಾನ್ ಹೊಸ ಸಾಲು ಅಂತ ತಗೊಳತ್ತೆ, ಕಮ್ಯಾಂಡ್ ಅಲ್ಲಿಗೇ ತುಂಡಾಗತ್ತೆ. ಹಿಂದೆ ಬ್ಯಾಕ್‌ಸ್ಲ್ಯಾಶ್ ಹಾಕಿ, ಇಲ್ಲಾ ಇಡೀ ಕಮ್ಯಾಂಡನ್ನ ಒಂದು ಸ್ಕ್ರಿಪ್ಟ್ ಫೈಲ್‌ಗೆ ಎತ್ತಿಟ್ಬಿಡಿ, ಅದೇ ವಾಸಿ.

ಪೋಸ್ಟ್‌ಫಿಕ್ಸ್ ಭಾರ ಅಂತ ಎಂಎಸ್‌ಎಂಟಿಪಿ ಇಟ್ಕೊಂಡಿರೋರಿಗೆ ಕ್ಯೂನೇ ಇಲ್ಲ, ಅದನ್ನ ಮರೀಬೇಡಿ. ನೆಟ್ ಇಲ್ದಿದ್ರೆ ಅದು ಮತ್ತೆ ಪ್ರಯತ್ನ ಮಾಡಲ್ಲ, ಎಕ್ಸಿಟ್ ಕೋಡ್ ಕೊಟ್ಟು ಸುಮ್ನಾಗತ್ತೆ, 75 ಅಂದ್ರೆ ತಾತ್ಕಾಲಿಕ, 77 ಅಂದ್ರೆ ಅನುಮತಿ ಇಲ್ಲ, 78 ಅಂದ್ರೆ ಕಾನ್ಫಿಗ್ ತಪ್ಪು. ಪಾಸ್‌ವರ್ಡ್ ಇರೋ ಕಾನ್ಫಿಗ್ ಫೈಲ್‌ನ ಬೇರೆಯವ್ರು ಓದೋ ಹಾಗಿದ್ರೆ ಅದು ಓಡಲ್ಲ, ಸಿಎಚ್‌ಮಾಡ್ 600 ಮಾಡಿ. ಉಬುಂಟು, ಡೆಬಿಯನ್‌ನಲ್ಲಿ ಆ್ಯಪ್‌ಆರ್ಮರ್ (ಪ್ರೋಗ್ರಾಮ್ ಯಾವ ಫೈಲ್ ಮುಟ್ಟಬಹುದು ಅಂತ ಕಟ್ಟುಹಾಕೋದು) ಪ್ರೊಫೈಲ್ ಆನ್ ಇದ್ರೆ ಲಾಗ್ ಫೈಲ್ ವಿಚಿತ್ರ ಜಾಗದಲ್ಲಿಟ್ರೆ ಪರ್ಮಿಷನ್ ಎಲ್ಲಾ ಸರಿ ಇದ್ರೂ ಡಿನೈಡ್ ಅನ್ನತ್ತೆ.

ಕೊನೇದಾಗಿ ಒಂದೇ ಮಶೀನಲ್ಲಿ ಲಾಗಿನ್ ಆಗಿರೋರಿಗೆ ಮೆಸೇಜ್ ಕಳ್ಸೋ ರೈಟ್ (ಒಬ್ರಿಗೆ), ವಾಲ್ (ಎಲ್ರಿಗೂ) ಕಮ್ಯಾಂಡ್‌ಗಳು. ಕಾಲೇಜ್ ಲ್ಯಾಬ್, ರಿಸರ್ಚ್ ಸರ್ವರ್‌ಗಳಲ್ಲಿ ಇನ್ನೂ ಬಳಸ್ತಾರೆ. ರೈಟ್ ಹೋಗ್ತಿಲ್ಲ ಅಂದ್ರೆ ಮೊದ್ಲು ಹೂ ಅನ್ನೋ ಕಮ್ಯಾಂಡ್ (ಲಾಗಿನ್ ಆಗಿರೋರ ಪಟ್ಟಿ ಕೊಡತ್ತೆ) ಹೊಡೆದು ಆ ಯೂಸರ್ ಪಟ್ಟೀಲಿ ಇದಾರಾ, ಯಾವ ಪಿಟಿಎಸ್ (ಅವ್ರ ಟರ್ಮಿನಲ್ ನಂಬರ್) ಅಂತ ನೋಡಿ, ಕೆಲವು ಟರ್ಮಿನಲ್ ಆ್ಯಪ್‌ಗಳು ತಮ್ಮ ಸೆಶನ್‌ನ ಅಲ್ಲಿ ಬರ್ಸೋದೇ ಇಲ್ಲ, ಆಗ ಎದುರಿಗೆ ಕೂತಿದ್ರೂ ಲಾಗಿನ್ ಆಗಿಲ್ಲ ಅನ್ನತ್ತೆ. ಆಮೇಲೆ ಎಲ್‌ಎಸ್ -ಎಲ್ /ಡೆವ್/ಪಿಟಿಎಸ್/3 ಹೊಡೀರಿ, ಟಿಟಿವೈ ಗುಂಪಿಗೆ ರೈಟ್ ಅನುಮತಿ, ಅಂದ್ರೆ ಮಧ್ಯದಲ್ಲಿ ಡಬ್ಲ್ಯೂ, ಇದ್ರೆ ಮೆಸೇಜ್ ತಗೊಳೋಕೆ ರೆಡಿ, ಇಲ್ಲ ಅಂದ್ರೆ ಅವ್ರು ಮೆಸ್ಗ್ ಎನ್ (ನಂಗೆ ಮೆಸೇಜ್ ಬೇಡ ಅನ್ನೋ ಕಮ್ಯಾಂಡ್) ಹಾಕಿದಾರೆ. ಡೆಬಿಯನ್‌ನಲ್ಲಿ ರೂಟ್‌ನ ಪ್ರೊಫೈಲ್ ಫೈಲಲ್ಲೇ ಮೆಸ್ಗ್ ಎನ್ ಇರತ್ತೆ, ಸ್ಕ್ರಿಪ್ಟ್ ಓಡುವಾಗ "ಮೆಸ್ಗ್: ಟಿಟಿವೈನೇಮ್ ಫೇಲ್ಡ್" ಅಂತ ಕೆಂಪಗೆ ಬರೋದೂ ಅದರದ್ದೇ, ಅದು ಏನೂ ಹಾಳು ಮಾಡಲ್ಲ, ಬಿಟ್ಬಿಡಿ.

ಇವೆಲ್ಲ ಸರಿ ಇದ್ದು ಇದ್ದಕ್ಕಿದ್ದಂಗೆ 2024ರಿಂದ ನಿಂತಿದ್ರೆ ಅದು ದೋಷವೇ ಅಲ್ಲ. ವಾಲ್‌ನಲ್ಲಿ ಎಸ್ಕೇಪ್ ಸೀಕ್ವೆನ್ಸ್ ತೂರ್ಸಿ ಬೇರೆಯವ್ರ ಟರ್ಮಿನಲ್ ಮೇಲೆ ನಕಲಿ ಪಾಸ್‌ವರ್ಡ್ ಪ್ರಾಂಪ್ಟ್ ತೋರ್ಸೋಕೆ ಆಗತ್ತೆ ಅಂತ ಆ ಮಾರ್ಚ್‌ನಲ್ಲಿ ಹೊರಗೆ ಬಂತು, ಸಿವಿಇ-2024-28085, ಅದಕ್ಕೆ ಡೆಬಿಯನ್‌ನವ್ರು ಕೊಟ್ಟ ಅಪ್‌ಡೇಟ್‌ನಲ್ಲಿ ವಾಲ್, ರೈಟ್ ಎರಡರಿಂದಲೂ ಟಿಟಿವೈ ಗುಂಪಿನ ಸೆಟ್‌ಜಿಐಡಿ ಬಿಟ್ (ಯಾರು ಓಡಿಸಿದ್ರೂ ಆ ಗುಂಪಿನ ಹಕ್ಕು ಕೊಡೋದು) ತೆಗೆದ್ರು. ಆ ಬಿಟ್ ಇಲ್ದೆ ಮಾಮೂಲಿ ಯೂಸರ್‌ಗೆ ಬೇರೆಯವ್ರ ಟರ್ಮಿನಲ್ ಮೇಲೆ ಬರೆಯೋ ಹಕ್ಕಿಲ್ಲ, ರೂಟ್ ಮಾತ್ರ ಬರೀಬಹುದು. ಸಿಎಚ್‌ಮಾಡ್ ಮಾಡಿ ಆ ಬಿಟ್ ವಾಪಸ್ ಹಾಕಿ ಅಂತ ಸಲಹೆ ಕೊಡೋರು ಸಿಗ್ತಾರೆ, ಹಂಚ್ಕೊಂಡು ಬಳಸೋ ಮಶೀನಲ್ಲಿ ಹಾಗೆ ಮಾಡ್ಬೇಡಿ. ಸರ್ವರ್ ರೀಬೂಟ್ ಆಗತ್ತೆ ಅಂತ ಎಲ್ರಿಗೂ ಹೇಳೋಕೆ ಸೂಡೋ ವಾಲ್ ಸಾಕು, ಒಬ್ರಿಗೇ ಹೇಳೋದಿದ್ರೆ ಮೇಲ್ ಕಮ್ಯಾಂಡಲ್ಲಿ ಬರೀ ಯೂಸರ್‌ನೇಮ್ ಕೊಟ್ಟು ಲೋಕಲ್ ಮೇಲ್ ಹಾಕಿ, ಮುಂದಿನ ಸಲ ಲಾಗಿನ್ ಆದಾಗ ಮೇಲ್ ಇದೆ ಅಂತ ಶೆಲ್ಲೇ ಅವ್ರಿಗೆ ಹೇಳತ್ತೆ.